ದೂರ ನಡೆಯಲಾಗದವರು

ನನಗೆ ಕೋಪ ಮೂಗಿನ ತುದಿಯಲ್ಲಿ, ನಮ್ಮಮ್ಮನಿಗೆ ಕಾಲಿನ ತುದಿಯಲ್ಲಿ. ಸಿಟ್ಟು ಬಂದರೆ ನಾನು ಕಿರುಚುತ್ತೇನೆ, ಅವಳು ಎದ್ದು ನಡೆದುಬಿಡುತ್ತಾಳೆ. ಅಪ್ಪ ಇದ್ದಾಗ ಇಬ್ಬರಿಗೂ ಮಾತಿಗೆ ಮಾತು ಬೆಳೆದರೆ ಅಮ್ಮ ಕುರುಬರಹಳ್ಳಿಯ ನಮ್ಮ ಮನೆಯಿಂದ ಹೊರಟು ಮಹಾಲಕ್ಷ್ಮಿ ಲೇಔಟನ್ನು ಒಂದು ಸುತ್ತು ಹಾಕಿ ಬರುತ್ತಿದ್ದಳು. ಬರುವಷ್ಟರಲ್ಲಿ ಅವಳ ಸಿಟ್ಟು ಇಳಿದಿರುತ್ತಿತ್ತು, ಅಪ್ಪ ಕಾಫಿ ಮಾಡಿಟ್ಟಿರುತ್ತಿದ್ದರು. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ವಿಚ್ಚು ತಯಾರಿಸುವ ಒಂದು ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ನಿಂತೇ ಕೆಲಸ ಮಾಡಿದವಳು ಅವಳು. ಹೋಗುವಾಗಲೂ ನಡಿಗೆ, ಬರುವಾಗಲೂ ನಡಿಗೆ. ‘ನೀವು ಬಸ್ಸಿಗೆ ಕಾಯೋಷ್ಟರಲ್ಲಿ ನಾನು ಮನೆ ಸೇರಿ ಸಾರಿಗೆ ಒಗ್ಗರಣೆ ಹಾಕಿರ್ತೀನಿ’ ಎನ್ನುತ್ತಿದ್ದಳು. ಹಾಕಿಯೂ ಇರುತ್ತಿದ್ದಳು.

ರಿಟೈರಾದ ಮೇಲೆ ಅವಳು ಸಕ್ಕರೆ ಕಾಯಿಲೆ ಬರಬಾರದೆಂದು ಬಸವೇಶ್ವರನಗರದ ಒಂದು ಮೈದಾನಕ್ಕೆ ವಾಕಿಂಗ್ ಹೋಗತೊಡಗಿದಳು. ವಾಯಿಲ್ ಸೀರೆ, ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ. ಅಲ್ಲಿ ಬೆಳಗಿನ ಹೊತ್ತು ಅರ್ಧ ಜನ ಹೆಂಗಸರು ಹಾಗೇ ಇರುತ್ತಾರೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಅಲ್ಲಿಗೆ ಬರುತ್ತಿದ್ದ ಒಬ್ಬ ಹಳೆಯ ಪಿ.ಟಿ. ಮೇಷ್ಟ್ರು ಇವಳನ್ನು ಒಂದು ವಾರ ನೋಡಿ, ಎಂಟನೇ ದಿನ ತಡೆದು ನಿಲ್ಲಿಸಿ ಹೇಳಿದರಂತೆ: ‘ನೋಡೀಮ್ಮಾ, ಜನ ಮಾಡೋದು ವಾಕಿಂಗು. ನೀವು ಮಾಡ್ತಿರೋದು ರೇಸು.’

ನಡಿಗೆಯಲ್ಲೂ ಸ್ಪರ್ಧೆ ಇದೆಯೆಂದು ನಮ್ಮ ಮನೆಗೆ ಗೊತ್ತಾದದ್ದು ಹಾಗೆ. ಎಷ್ಟು ಜೋರಾಗಿ ಬೇಕಾದರೂ ನಡೆಯಬಹುದು, ಓಡುವಂತಿಲ್ಲ. ಯಾವುದಾದರೂ ಒಂದು ಕಾಲು ಸದಾ ನೆಲದ ಮೇಲಿರಬೇಕು, ಮುಂದಿಟ್ಟ ಕಾಲಿನ ಮಂಡಿ ಬಗ್ಗಬಾರದು. ತಪ್ಪಿದರೆ ಅಂಪೈರು ಹೊರಗೆ ಕಳಿಸುತ್ತಾನೆ. ಅಮ್ಮ ಮೊದಲು ಜಿಲ್ಲೆಯ ಸ್ಪರ್ಧೆಗೆ ಹೋದಳು, ಆಮೇಲೆ ರಾಜ್ಯಕ್ಕೆ, ಆಮೇಲೆ ದೇಶಕ್ಕೆ. ಒಂದೊಂದು ಸಲವೂ ಮನೆಗೆ ಬಂದು ಪದಕವನ್ನು ಅಕ್ಕಿ ಡಬ್ಬದ ಪಕ್ಕ ಇಟ್ಟು ಸಾಂಬಾರಿಗೆ ಬೇಳೆ ತೊಳೆಯುತ್ತಿದ್ದಳು. ನಾನು ‘ಭೇಷ್ ಕಣಮ್ಮ’ ಎಂದು ಹೇಳಿ ಆಫೀಸಿಗೆ ಓಡುತ್ತಿದ್ದೆ. ವಿಜಯನಗರದ ಒಂದು ಸಹಕಾರ ಸಂಘದಲ್ಲಿ ನಾನು ಹೆಡ್ ಕ್ಲರ್ಕು. ನಾನಿಲ್ಲದಿದ್ದರೆ ಆ ಸಂಘ ಮುಳುಗಿಹೋಗುತ್ತದೆಂದು ನಾನೊಬ್ಬಳೇ ನಂಬಿದ್ದೆ.

ಅಮ್ಮನಿಗೆ ಅರವತ್ತೇಳು ತುಂಬಿದ ವರ್ಷ ಯೂರೋಪಿನ ಒಂದು ಊರಿನಲ್ಲಿ ಹಿರಿಯರ ಕ್ರೀಡಾಕೂಟಕ್ಕೆ ಅವಳ ಹೆಸರು ಬಂತು. ಐದು ಕಿಲೋಮೀಟರ್ ನಡಿಗೆ. ಆ ಊರಿನ ಹೆಸರಿಗೆ ಇವತ್ತಿಗೂ ನನ್ನ ನಾಲಿಗೆ ಹೊರಳುವುದಿಲ್ಲ. ನಿಯಮ ಮಾತ್ರ ಕಂಠಪಾಠ: ಸ್ಪರ್ಧೆಯ ಹಿಂದಿನ ದಿನ ಸಂಜೆ ಏಳರೊಳಗೆ ಸ್ಪರ್ಧಿಯೇ ಪಾಸ್‌ಪೋರ್ಟ್ ಹಿಡಿದು ಹೋಗಿ ಎದೆಗೆ ಕಟ್ಟುವ ನಂಬರು ಪಡೆಯಬೇಕು. ಇಲ್ಲದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಮತ್ತೆ ಇಂಥ ಕೂಟ ಎರಡು ವರ್ಷಕ್ಕೆ. ‘ನಿಂಗೆ ಎರಡು ವರ್ಷ ಅಂದ್ರೆ ಎರಡು ವರ್ಷ. ನನ್ನ ವಯಸ್ಸಿಗೆ ಅದು ಎಷ್ಟು ಅಂತ ಯಾರಿಗ್ಗೊತ್ತು?’ ಎಂದಿದ್ದಳು ಅಮ್ಮ. ಎರಡು ದಿನ ಮುಂಚೆ ಹೊರಡೋಣ ಎಂದೂ ಅಂದಿದ್ದಳು. ಆಡಿಟ್ ತಿಂಗಳು, ರಜೆ ಸಿಗುವುದಿಲ್ಲ ಎಂದವಳು ನಾನು. ಹಿಂದಿನ ದಿನ ಸಂಜೆಯೇ ತಲುಪುವಂತೆ ಟಿಕೆಟ್ ಮಾಡಿಸಿದೆ. ಮಧ್ಯೆ ಅರಬ್ ದೇಶದ ಒಂದು ಭಾರಿ ಏರ್‌ಪೋರ್ಟಿನಲ್ಲಿ ವಿಮಾನ ಬದಲಿಸಬೇಕು, ಒಂದೂವರೆ ಗಂಟೆ ಸಮಯ.

ಇಷ್ಟರಲ್ಲಿ ಎದುರು ಮನೆ ಆಂಟಿ ಬಂದರು. ಅವರು ನಾಲ್ಕು ಸಲ ಪರದೇಶ ನೋಡಿದವರು, ಈ ವಿಷಯದಲ್ಲಿ ನಮ್ಮ ಬೀದಿಗೆ ಅವರ ಮಾತೇ ವೇದವಾಕ್ಯ. ‘ಅಮ್ಮಂಗೆ ವೀಲ್‌ಚೇರ್ ಹಾಕ್ಸ್‌ಬಿಡೇ’ ಎಂದರು. ‘ಎಲ್ಲೂ ಕ್ಯೂ ಇರಲ್ಲ, ಗೇಟ್ ಹುಡುಕೋ ರಗಳೆ ಇಲ್ಲ, ಅವ್ರೇ ತಳ್ಕೊಂಡೋಗಿ ವಿಮಾನಕ್ಕೆ ತುಂಬ್ತಾರೆ.’

‘ಅಮ್ಮಂಗೇನಾಗಿದೆ ಆಂಟಿ, ಗುಂಡುಕಲ್ಲಿನ ಹಾಗಿದಾಳೆ.’

‘ಏನೂ ಆಗಿರ್ಬೇಕಿಲ್ಲ ಕಣೇ, ವಯಸ್ಸಾಗಿದೆ ಅಂದ್ರೆ ಸಾಕು. ನಮ್ ಕಡೆಯವ್ರೆಲ್ಲ ಹಾಕ್ಸೋದೇ.’

ನನಗೆ ಇದು ಸರಿ ಎನ್ನಿಸಿತು. ಕಂಪ್ಯೂಟರ್ ಮುಂದೆ ಕೂತು ಫಾರಂ ತೆರೆದೆ. ಅಲ್ಲಿ ಮೂರು ಆಯ್ಕೆಗಳಿದ್ದವು. ಏಳಲಿಕ್ಕೇ ಆಗದವರು, ಮೆಟ್ಟಿಲು ಹತ್ತಲಾಗದವರು, ಮೆಟ್ಟಿಲು ಹತ್ತುತ್ತಾರೆ ಆದರೆ ದೂರ ನಡೆಯಲಾಗದವರು. ಮೂರರಲ್ಲಿ ಮೂರನೆಯದೇ ಸಣ್ಣ ಸುಳ್ಳು ಎಂದುಕೊಂಡು ಅದರ ಮುಂದೆ ಟಿಕ್ ಹಾಕಿದೆ. ನಡಿಗೆಯಲ್ಲಿ ದೇಶಕ್ಕೆ ಹೆಸರು ತಂದವಳು ದೂರ ನಡೆಯಲಾರಳು ಎಂದು ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಬರೆದುಕೊಟ್ಟಳು. ಅಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಎದ್ದು ನಡೆದುಬಿಡುತ್ತಿದ್ದಳು, ಬಹುಶಃ ಯೂರೋಪಿನವರೆಗೂ. ಬೆಂಗಳೂರಿನ ಕೌಂಟರಿನಲ್ಲಿ ಅವಳು ಅತ್ತ ತಿರುಗಿದ್ದಾಗ ‘ವೀಲ್‌ಚೇರ್ ಇಲ್ಲಿ ಬೇಡ, ವಿಮಾನ ಬದಲಿಸೋ ಕಡೆ ಮಾತ್ರ ಸಾಕು’ ಎಂದು ಪಿಸುಗುಟ್ಟಿದೆ.

ವಿಮಾನ ಹೊರಡುವುದೇ ನಲವತ್ತು ನಿಮಿಷ ತಡವಾಯಿತು. ಯಾರೋ ಪುಣ್ಯಾತ್ಮ ಪೆಟ್ಟಿಗೆ ಹಾಕಿ ತಾನು ಹತ್ತಿರಲಿಲ್ಲವಂತೆ, ಅದನ್ನು ಹುಡುಕಿ ಇಳಿಸಬೇಕಾಯಿತು. ಆ ಮಹಾನುಭಾವನಿಗೆ ನಾನು ಮನಸ್ಸಿನಲ್ಲೇ ಮಾಡಿದ ಮಂತ್ರಪುಷ್ಪ ಇಲ್ಲಿ ಬರೆಯುವಂಥದ್ದಲ್ಲ. ಅಮ್ಮ ಮಾತ್ರ ಕಿಟಕಿ ಪಕ್ಕ ಕೂತು, ಹುರಿಗಡಲೆ ಬೆಲ್ಲ ಬಾಯಿಗೆ ಹಾಕಿಕೊಳ್ಳುತ್ತ, ಪಾದಗಳನ್ನು ಗಿರಗಿರ ತಿರುಗಿಸುತ್ತಿದ್ದಳು. ಮೇಷ್ಟ್ರು ಹೇಳಿಕೊಟ್ಟಿದ್ದಂತೆ.

‘ಸಿಗುತ್ತಾ ಆ ವಿಮಾನ?’ ಎಂದು ಒಂದೇ ಒಂದು ಸಲ ಕೇಳಿದಳು.

‘ಸಿಗುತ್ತೆ. ಎಲ್ಲಾ ವ್ಯವಸ್ಥೆ ಮಾಡಿದೀನಿ’ ಎಂದೆ.

ಇಳಿದು ನಿಂತಾಗ ಮುಂದಿನ ವಿಮಾನಕ್ಕೆ ಐವತ್ತು ನಿಮಿಷ ಉಳಿದಿತ್ತು. ಗೇಟು ಇಪ್ಪತ್ತು ನಿಮಿಷ ಮೊದಲೇ ಮುಚ್ಚುತ್ತಾರೆ, ಅಂದರೆ ನಮ್ಮ ಕೈಯಲ್ಲಿದ್ದದ್ದು ಅರ್ಧ ಗಂಟೆ. ಎಲ್ಲರೂ ಎದ್ದು ನಿಂತರು, ನಾವೂ ಎದ್ದೆವು. ಆಗ ಗಗನಸಖಿ ಮೈಕಿನಲ್ಲಿ, ವೀಲ್‌ಚೇರ್ ಕೇಳಿದವರು ದಯವಿಟ್ಟು ಎಲ್ಲರೂ ಇಳಿಯುವ ತನಕ ಕೂತಿರಿ ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಕಿಟಕಿಯಾಚೆ ನೋಡತೊಡಗಿದೆ. ಪ್ರಯೋಜನವಾಗಲಿಲ್ಲ. ಇನ್ನೊಬ್ಬ ಹುಡುಗಿ ಕೈಯಲ್ಲಿ ಪಟ್ಟಿ ಹಿಡಿದು ನೇರ ನಮ್ಮ ಸೀಟಿಗೇ ಬಂದು ಅಮ್ಮನ ಹೆಸರು ಕರೆದಳು, ಪಟ್ಟಿಯಲ್ಲಿ ಹೆಸರನ್ನು ತೋರಿಸಿದಳು. ಹೆಸರಿನ ಮುಂದೆ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಅಮ್ಮ ಕನ್ನಡಕ ಏರಿಸಿ, ಫ್ಯಾಕ್ಟರಿಯಲ್ಲಿ ಡಬ್ಬಿಗಳ ಮೇಲಿನ ಚೀಟಿ ಓದಿ ಕಲಿತ ಇಂಗ್ಲಿಷಿನಲ್ಲಿ, ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

‘ದೂರ ನಡೆಯೋಕಾಗಲ್ಲ ಅಂತಿದೆ. ಯಾರೇ ಬರ್ಸಿದ್ದು?’

‘ನಾನೇ ಅಮ್ಮ. ಕ್ಯೂ ಇರಲ್ಲ ಅಂತ...’

‘ನನ್ನ ಕೇಳ್ದೇನೇ?’

ಅವಳು ಕಿರುಚಿದ್ದರೆ ನಾನೂ ಕಿರುಚಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳು ಎದ್ದು ನಡೆಯುವುದಕ್ಕೂ ಅಲ್ಲಿ ಜಾಗವಿರಲಿಲ್ಲ. ಸೀಟಿನಲ್ಲಿ ಕೂತು ಕನ್ನಡಕ ಒರೆಸಿದಳು. ನಮ್ಮ ಪಕ್ಕದಲ್ಲೇ ಜನ ಬ್ಯಾಗು ಎಳೆದುಕೊಂಡು ಸಾಲಾಗಿ ಇಳಿದುಹೋಗುತ್ತಿದ್ದರು. ನನಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚಾಗಿ ಗಡಿಯಾರ ನೋಡಿ ಹೆದರಿಕೆಯಾಯಿತು.

ಕೊನೆಗೆ ಇಳಿದೆವು. ವಿಮಾನದ ಬಾಗಿಲಾಚೆ, ವಿಜಯನಗರ ಮೆಟ್ರೋ ಸ್ಟೇಷನ್ ಮುಂದೆ ಆಟೋ ನಿಂತ ಹಾಗೆ, ಹದಿನೆಂಟು ಕುರ್ಚಿ ಸಾಲಾಗಿ ನಿಂತಿದ್ದವು. ತಳ್ಳುವವರು ಆರೇ ಜನ. ಹದಿನೆಂಟರಲ್ಲಿ ಕೂತವರೆಲ್ಲ ನಮ್ಮ ಕಡೆಯವರೇ. ಬೆಂಗಳೂರಲ್ಲಿ ವಿಮಾನ ಹತ್ತುವಾಗ ನಮ್ಮನ್ನೆಲ್ಲ ಮೊಣಕೈಯಲ್ಲಿ ತಿವಿದು ಮುಂದೆ ನುಗ್ಗಿದ್ದ ಯಜಮಾನರೂ ಈಗ ಕುರ್ಚಿಯಲ್ಲಿ ಮಗುವಿನ ಹಾಗೆ ಕೈ ಕಟ್ಟಿ ಕೂತಿದ್ದರು. ನಮ್ಮ ಪಾಲಿಗೆ ಬಂದವನು ಐವತ್ತರ ಹತ್ತಿರದ ಒಬ್ಬ ಮಲಯಾಳಿ, ಬೆಂಗಳೂರಿನವರ ಬಾಯಲ್ಲಿ ‘ಚೇಟ’, ಅಂದರೆ ಅಣ್ಣ. ಬೆಂಗಳೂರಿನ ಬೇಕರಿಯೊಂದರಲ್ಲಿ ಎರಡು ವರ್ಷ ಇದ್ದನಂತೆ, ಕನ್ನಡ ಬರುತ್ತಿತ್ತು. ನಾನು ಎಂದಿನ ಶಿಸ್ತಿನಿಂದ ಪಾಸ್‌ಪೋರ್ಟು, ಬೋರ್ಡಿಂಗ್ ಪಾಸು ಎಲ್ಲ ಇದ್ದ ಪ್ಲಾಸ್ಟಿಕ್ ಫೈಲನ್ನು ಅವನು ಕೇಳುವ ಮುಂಚೆಯೇ ಅವನ ಕೈಗೆ ಕೊಟ್ಟುಬಿಟ್ಟಿದ್ದೆ.

‘ಇರಿ ಅಮ್ಮ, ಎಲ್ಲಾರೂ ಬರ್ಬೇಕು. ಆಮೇಲೆ ಲಿಫ್ಟು’ ಎಂದ ಅವನು.

‘ಎಷ್ಟು ಹೊತ್ತಾಗುತ್ತಪ್ಪ?’ ಎಂದು ಅಮ್ಮ ಕೇಳಿದಳು.

‘ಹತ್ತು ಹದಿನೈದು ನಿಮಿಷ.’

‘ನಮ್ಮ ಗೇಟು ಎಷ್ಟು ದೂರ?’

‘ಅಯ್ಯೋ, ತುಂಬ ದೂರ ಉಂಟು. ಆ ಕೊನೆ. ಎರಡು ಕಿಲೋಮೀಟರ್ ಇರ್ಬೋದು.’

ಅಮ್ಮ ಒಂದು ಕ್ಷಣ ಲೆಕ್ಕ ಹಾಕಿದಳು. ‘ಹದಿನಾಲ್ಕು ನಿಮಿಷ’ ಎಂದಳು. ನನ್ನ ಗಡಿಯಾರದಲ್ಲಿ ಗೇಟು ಮುಚ್ಚಲು ಇಪ್ಪತ್ತೆರಡು ನಿಮಿಷ ಉಳಿದಿತ್ತು. ‘ಕೊಡಪ್ಪ ಇಲ್ಲಿ’ ಎಂದು ಅಮ್ಮ ಅವನ ಕೈಯಿಂದ ಫೈಲು ತೆಗೆದುಕೊಂಡು ನನ್ನ ಕೈಗಿಟ್ಟಳು.

ಅವನು ಗಾಬರಿಯಾದ. ‘ಅಮ್ಮ, ನಿಮ್ಮ ಹೆಸ್ರು ನನ್ನ ಲಿಸ್ಟಲ್ಲಿ ಉಂಟು. ನಿಮ್ಮನ್ನ ಬಿಟ್ರೆ ನಂಗೆ ಬೈತಾರೆ.’

‘ಬಿಡ್ಬೇಡಪ್ಪ. ನೀನೂ ಬಾ.’

ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. ನೆರಿಗೆ ಒಂದು ಗೇಣು ಮೇಲಕ್ಕೆತ್ತಿ ಅದನ್ನೂ ಸಿಕ್ಕಿಸಿದಳು. ಮೊಣಕೈ ಮಡಿಸಿದಳು, ಹೊರಟಳು.

ನಾನು ಅಮ್ಮ ನಡೆಯುವುದನ್ನು ನಲವತ್ತೈದು ವರ್ಷ ನೋಡಿದ್ದೇನೆ ಎಂದುಕೊಂಡಿದ್ದೆ. ನೋಡಿರಲಿಲ್ಲ. ಸೊಂಟ ಆ ಕಡೆ ಈ ಕಡೆ ಹೊರಳುತ್ತಿದೆ, ಕಾಲು ಕೋಲಿನ ಹಾಗೆ ನೆಟ್ಟಗೆ ಬೀಳುತ್ತಿದೆ, ತಲೆ ಮಾತ್ರ ಅಲ್ಲಾಡುತ್ತಿಲ್ಲ. ತಲೆಯ ಮೇಲೆ ನೀರಿನ ಬಿಂದಿಗೆ ಇಟ್ಟಿದ್ದರೂ ಒಂದು ಹನಿ ತುಳುಕುತ್ತಿರಲಿಲ್ಲ. ಅತ್ತರಿನ ಅಂಗಡಿ, ಚಿನ್ನದ ಅಂಗಡಿ, ಚಾಕೊಲೇಟಿನ ಅಂಗಡಿ ಎಲ್ಲ ಹಿಂದಕ್ಕೆ ಓಡುತ್ತಿದ್ದವು. ಸೂಟು ಬೂಟಿನ ಗಂಡಸರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅಮ್ಮನ ಹಿಂದೆ ನಾನು ಎರಡು ಬ್ಯಾಗು ಹೊತ್ತು ಏದುಸಿರು ಬಿಡುತ್ತ ಓಡುತ್ತಿದ್ದೆ, ನನ್ನ ಹಿಂದೆ ಆ ಚೇಟ ಖಾಲಿ ಕುರ್ಚಿ ತಳ್ಳಿಕೊಂಡು ಓಡುತ್ತಿದ್ದ. ನೋಡಿದವರು ಏನೆಂದುಕೊಂಡರೋ, ಆ ದೇವರೇ ಬಲ್ಲ.

‘ಓಡಮ್ಮಾ!’ ಎಂದು ಕೂಗಿದೆ.

‘ಓಡಿದ್ರೆ ಔಟು!’ ಎಂದಳು, ತಿರುಗಿಯೂ ನೋಡದೆ.

‘ಇಲ್ಲಿ ಯಾವ ಅಂಪೈರಿದಾನಮ್ಮ, ನಿನ್ ದಮ್ಮಯ್ಯ!’

‘ನಾಳೆ ಇರ್ತಾನೆ. ಇವತ್ತು ಅಭ್ಯಾಸ ಕೆಡಿಸ್ಕೊಳ್ಳಲ್ಲ.’

ಮುಂದೆ ನೆಲವೇ ತಾನಾಗಿ ಚಲಿಸುವ ಉದ್ದನೆಯ ಪಟ್ಟಿ ಬಂತು. ಅಮ್ಮ ಅದರ ತಂಟೆಗೆ ಹೋಗದೆ ಪಕ್ಕದ ಗಟ್ಟಿ ನೆಲದ ಮೇಲೇ ಹೋದಳು. ನಾನು ಬುದ್ಧಿವಂತೆಯಲ್ಲವೇ, ಪಟ್ಟಿ ಹತ್ತಿದೆ. ಹತ್ತಿ ಓಡಿದೆ. ಅಮ್ಮನನ್ನು ದಾಟಿಯೂ ಬಿಟ್ಟೆ. ದಾಟುವಾಗ ಅವಳ ಕಡೆ ನೋಡಿ ಒಂದು ನಗು ಬೇರೆ ನಕ್ಕೆ. ಪಟ್ಟಿ ಮುಗಿದದ್ದು ನನಗೆ ಗೊತ್ತಾಗಲಿಲ್ಲ. ವಿದೇಶಕ್ಕೆ ಅಂತ ಹೊಸದಾಗಿ ಕೊಂಡಿದ್ದ ಹಿಮ್ಮಡಿ ಎತ್ತರದ ಚಪ್ಪಲಿ ಅಲ್ಲೇ ನಿಂತಿತು, ನಾನು ಮುಂದೆ ಹೋದೆ. ಕಾಲು ಲಟಕ್ ಎಂದು ಉಳುಕಿತು. ‘ಅಯ್ಯಯ್ಯೋ’ ಎಂದು ಕೂತುಬಿಟ್ಟೆ.

ಅಮ್ಮ ನನ್ನ ಪಕ್ಕ ನಿಂತಳು. ಬಗ್ಗಿ ಕಾಲಿನ ಗಿಣ್ಣು ಒತ್ತಿ ನೋಡಿದಳು. ‘ಮುರಿದಿಲ್ಲ, ಉಳುಕು’ ಎಂದಳು. ಚೇಟ ಕುರ್ಚಿ ತಂದು ನಿಲ್ಲಿಸಿದ. ನಾನು ಹತ್ತಿ ಕೂತೆ.

ಸೆಕ್ಯುರಿಟಿ ಬಂತು. ಆ ಕ್ಯೂ ವೈಕುಂಠ ಏಕಾದಶಿಯ ಸಾಲಿಗಿಂತ ಉದ್ದ ಇತ್ತು. ಆದರೆ ಕುರ್ಚಿಯವರಿಗೆ ಬೇರೆ ದಾರಿ. ಎದುರು ಮನೆ ಆಂಟಿ ಸುಳ್ಳು ಹೇಳಿರಲಿಲ್ಲ. ಶೂ ಬಿಚ್ಚಿ ಎಂದರು. ಅಮ್ಮನ ಲೇಸಿಗೆ ಎರಡೆರಡು ಗಂಟು. ಬಿಚ್ಚಿದಳು, ಆ ಕಡೆ ಹೋಗಿ ಮತ್ತೆ ಹಾಕಿಕೊಂಡು, ಒಂದೊಂದು ತೂತಿನ ಬಿಗಿಯನ್ನೂ ಸರಿಮಾಡುತ್ತ ಕೂತಳು. ನನ್ನ ಪಿತ್ತ ನೆತ್ತಿಗೇರಿತು. ‘ಬೇಗ ಅಮ್ಮಾ! ಏಳು ನಿಮಿಷ ಇದೆ!’

‘ಲೇಸು ಸಡ್ಲ ಆದ್ರೆ ನಂಗೂ ನಿನ್ನ ಗತೀನೇ’ ಎಂದಳು.

ನಾನು ಫೈಲಿನಿಂದ ಅವಳ ಪಾಸ್‌ಪೋರ್ಟು, ಪಾಸು, ಕ್ರೀಡಾಕೂಟದ ವಿಳಾಸವಿದ್ದ ಕಾಗದ ತೆಗೆದು ಅವಳ ಕೈಗೆ ಕೊಟ್ಟೆ. ‘ಈ ಕುರ್ಚಿ ನಿನ್ನ ವೇಗಕ್ಕೆ ಬರಲ್ಲ. ನೀನು ಹೋಗು. ನಾನು ಬರ್ಲಿ ಬಿಡ್ಲಿ, ನೀನು ವಿಮಾನ ಹತ್ತು. ಅಲ್ಲಿ ಇಳಿದ್ಮೇಲೆ ಈ ಕಾಗದ ಯಾರಿಗಾದ್ರೂ ತೋರ್ಸು. ಏಳು ಗಂಟೆ ಒಳಗೆ ನಂಬರ್ ಇಸ್ಕೋ. ಆಯ್ತಾ?’

ಅಮ್ಮ ತಲೆಯಾಡಿಸಿದಳು, ಹೊರಟಳು. ಬಿಳಿ ಶೂಗಳು ಜನರ ನಡುವೆ ಒಂದು ಸಲ ಕಂಡು, ಇನ್ನೊಂದು ಸಲ ಕಂಡು, ಆಮೇಲೆ ಕಾಣಲಿಲ್ಲ. ಚೇಟ ಪಾಪ ಬೆವರು ಸುರಿಸುತ್ತ ತಳ್ಳುತ್ತಿದ್ದ. ಕುರ್ಚಿಯಲ್ಲಿ ಕೂತು ನಾನು ಅಳುವುದಕ್ಕೆ ಶುರು ಮಾಡಿದೆ. ಕಾಲು ನೋವಿಗಲ್ಲ. ಮೊದಲ ಸಲ ವಿಮಾನ ಹತ್ತಿದವಳು, ಇಂಗ್ಲಿಷ್ ಮಾತಾಡಲು ಬಾರದವಳು, ಒಬ್ಬಳನ್ನೇ ಗೊತ್ತಿಲ್ಲದ ಊರಿಗೆ ಅಟ್ಟುತ್ತಿದ್ದೇನಲ್ಲ ಎಂದು. ಆಡಿಟ್ ಹಾಳಾಗಿ ಹೋಗಲಿ, ಎರಡು ದಿನ ಮುಂಚೆ ಹೊರಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು. ‘ಅಳ್ಬೇಡಿ ಮೇಡಂ, ಅಮ್ಮ ಸೂಪರ್ ಉಂಟು’ ಎಂದ ಚೇಟ.

ಕೊನೆಯ ತಿರುವು ತಿರುಗಿದಾಗ ಗೇಟು ಕಂಡಿತು. ಎದುರಿನ ಕುರ್ಚಿಗಳೆಲ್ಲ ಖಾಲಿ. ಬಾಗಿಲ ಹತ್ತಿರ ವಾಕಿಟಾಕಿ ಹಿಡಿದ ಒಬ್ಬ ಎತ್ತರದ ಮನುಷ್ಯ ಕೈ ಆಡಿಸುತ್ತ ಏನೋ ಹೇಳುತ್ತಿದ್ದ. ಬಾಗಿಲ ನಡುವೆ ಅಮ್ಮ ನಿಂತಿದ್ದಳು. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಒಳಗೆ ಹೋಗಲೊಲ್ಲಳು, ಅವನು ಬಾಗಿಲು ಹಾಕುವ ಹಾಗಿಲ್ಲ.

‘ಹೋಗಮ್ಮಾ, ನಿನ್ನ ರೇಸು!’ ಎಂದು ದೂರದಿಂದಲೇ ಅರಚಿದೆ.

‘ಸುಮ್ನೆ ಬಾರೇ!’ ಎಂದು ಅವಳೂ ಅರಚಿದಳು. ಅವಳು ಹಾಗೆ ಅರಚಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ವಾಕಿಟಾಕಿಯವನು ಅಮ್ಮನ ಪಾಸನ್ನು ನೋಡಿದ, ಅವಳ ಶೂ ನೋಡಿದ, ಮತ್ತೆ ಪಾಸು ನೋಡಿದ. ಅವನ ಪಟ್ಟಿಯಲ್ಲಿ ಒಬ್ಬ ವೀಲ್‌ಚೇರ್ ಪ್ರಯಾಣಿಕರು ಬರಬೇಕಿತ್ತು, ಅವರಿಗಾಗಿಯೇ ಮೂರು ನಿಮಿಷ ಹೆಚ್ಚಿಗೆ ಬಾಗಿಲು ತೆರೆದಿಟ್ಟಿದ್ದನಂತೆ. ಇದನ್ನು ನನ್ನನ್ನು ಕುರ್ಚಿಯಿಂದ ಇಳಿಸುವಾಗ ಚೇಟ ಹೇಳಿದ. ಆ ಪ್ರಯಾಣಿಕರೆಲ್ಲಿ ಎಂದು ಅವನು ಕೇಳಿದಾಗ ಅಮ್ಮ ಕೈ ಚಾಚಿ, ಕುರ್ಚಿಯಲ್ಲಿ ಉರುಳಿಕೊಂಡು ಬರುತ್ತಿದ್ದ ನನ್ನನ್ನು ತೋರಿಸಿದಳು. ಮೊದಲ ವಿಮಾನದಲ್ಲಿ ಆ ಹುಡುಗಿಯ ಪಟ್ಟಿಯಲ್ಲಿ ಓದಿದ್ದನ್ನು ನೆನಪಿಟ್ಟುಕೊಂಡಿದ್ದಳು.

‘ಶೀ,’ ಎಂದಳು. ‘ಲಾಂಗ್ ವಾಕಿಂಗ್, ನೋ.’

ನಾನು ಒಂಟಿ ಕಾಲಿನಲ್ಲಿ ಕುಂಟುತ್ತ ಒಳಗೆ ಹೋದೆ. ಚೇಟನಿಗೆ ಅಮ್ಮ ಉಳಿದಿದ್ದ ಹುರಿಗಡಲೆ ಬೆಲ್ಲದ ಪೊಟ್ಟಣವನ್ನೇ ಕೊಟ್ಟುಬಂದಳು. ಸೀಟಿನಲ್ಲಿ ಕೂತು, ಬೆಲ್ಟು ಹಾಕಿ, ವಿಮಾನ ಅಲುಗಾಡಿದ ಮೇಲೆ ನನ್ನ ಬಾಯಿ ತೆರೆಯಿತು.

‘ಹತ್ತಿಬಿಡ್ತೀನಿ ಅಂತ ತಲೆ ಆಡ್ಸಿದ್ಯಲ್ಲಮ್ಮ. ಅವನು ಬಾಗಿಲು ಹಾಕಿಬಿಟ್ಟಿದ್ರೆ? ಎರಡು ವರ್ಷ ಕಾಯ್ಬೇಕಿತ್ತು.’

ಅಮ್ಮ ನನ್ನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಿದ್ದಳು. ‘ಜಿಲ್ಲೆಗೆ ಹೋದಾಗ ನೀನು ಬರಲಿಲ್ಲ, ಆಫೀಸಿತ್ತು’ ಎಂದಳು. ‘ರಾಜ್ಯಕ್ಕೂ ಬರಲಿಲ್ಲ. ದೇಶಕ್ಕೂ ಬರಲಿಲ್ಲ. ಇದೊಂದಕ್ಕೆ ಹೊರಟಿದೀಯ. ಇಷ್ಟು ದೂರ ಬಂದು ನಾನೊಬ್ಳೇ ನಡೆದ್ರೆ ನೋಡೋರ್ಯಾರೇ?’

‘ತಪ್ಪಾಯ್ತಮ್ಮ’ ಎಂದೆ. ‘ಆ ಫಾರಂ...’

‘ಬರ್ದಿದ್ದಕ್ಕೆ ಬೇಜಾರಿಲ್ಲ. ನನ್ನ ಒಂದು ಮಾತು ಕೇಳ್ಳಿಲ್ವಲ್ಲ, ಅದಕ್ಕೆ.’ ಪಾದ ಒತ್ತುವುದನ್ನು ನಿಲ್ಲಿಸಿ ಕೇಳಿದಳು, ‘ಮಂಡಿ ಬಗ್ತಿತ್ತಾ ನಂದು?’

‘ಇಲ್ಲಮ್ಮ. ಒಂದ್ಸಲಾನೂ ಬಗ್ಗಲಿಲ್ಲ.’

ಸಂಜೆ ಆರೂ ಮುಕ್ಕಾಲಿಗೆ ಅಮ್ಮನ ಕೈಗೆ ನಂಬರು ಸಿಕ್ಕಿತು. ಮರುದಿನ ಬೆಳಿಗ್ಗೆ ಚಳಿಯಲ್ಲಿ ಹನ್ನೊಂದು ಜನ ಅಜ್ಜಿಯರು ಸಾಲಾಗಿ ನಿಂತರು. ನಾನು ಕಾಲಿಗೆ ಪಟ್ಟಿ ಸುತ್ತಿಕೊಂಡು ಬೇಲಿ ಹಿಡಿದು ನಿಂತೆ. ಹನ್ನೆರಡೂವರೆ ಸುತ್ತು. ಒಂದೊಂದು ಸುತ್ತಿಗೂ ನನ್ನ ಮುಂದೆ ಬಂದಾಗ ಅಮ್ಮ ಕಣ್ಣಿನ ಕೊನೆಯಿಂದ ನೋಡುತ್ತಿದ್ದಳು, ನಾನು ಇದ್ದೇನೋ ಇಲ್ಲವೋ ಎಂದು. ಗಂಟಲು ಹರಿಯುವ ಹಾಗೆ ಕೂಗಿದೆ. ಐದನೆಯವಳಾಗಿ ಬಂದಳು. ಪದಕವಿಲ್ಲ, ಅಂಪೈರಿನಿಂದ ಒಂದು ಎಚ್ಚರಿಕೆಯೂ ಇಲ್ಲ. ‘ಮುಂದಿನ ಸಲ ನಾಲ್ಕು’ ಎಂದಳು, ಉಸಿರು ಸರಿಹೋಗುವ ಮುಂಚೆಯೇ.

ವಾಪಸು ಹೊರಡುವ ಹಿಂದಿನ ದಿನ ಮೊಬೈಲಿನಲ್ಲಿ ಟಿಕೆಟ್ ತೆರೆದು ನೋಡಿದೆ. ಅಮ್ಮನ ಹೆಸರಿನ ಪಕ್ಕ ಕುರ್ಚಿಯ ಚಿತ್ರ ಹಾಗೇ ಇತ್ತು. ಈ ಸಲ ಕೇಳದೆ ಏನೂ ಮಾಡಬಾರದೆಂದು ಮೊಬೈಲನ್ನು ಅವಳ ಮುಂದೆ ಹಿಡಿದೆ.

‘ಅಮ್ಮ, ಈ ವೀಲ್‌ಚೇರ್ ಕ್ಯಾನ್ಸಲ್ ಮಾಡ್ಲಾ?’

ಅಮ್ಮ ಊದಿಕೊಂಡಿದ್ದ ನನ್ನ ಕಾಲನ್ನು ನೋಡಿದಳು, ಮೊಬೈಲನ್ನು ನೋಡಿದಳು.

‘ಕ್ಯಾನ್ಸಲ್ ಯಾಕೆ?’ ಎಂದಳು. ‘ಹೆಸರು ಬದಲಾಯ್ಸು.’